ವಾರಕ್ಕೊಂದು ಗಂಟೆ ಪಾಠ, ಉಳಿದ ಆರು ದಿನ ಮನೆ: ಮಗುವನ್ನು ಪಿಯಾನೊ ಕಲಿಕೆಗೆ ಹಚ್ಚುವ ಬಗೆ

ಕೋಲಾರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮಕ್ಕಳಿಗೆ ಪಿಯಾನೊ ಹೇಳಿಕೊಡಲು ಆರಂಭಿಸಿ ಇಪ್ಪತ್ತೈದು ವರ್ಷಗಳಾದವು. ಜೂನ್ ತಿಂಗಳು ಬಂತೆಂದರೆ ತಂದೆ ತಾಯಂದಿರು ಮಕ್ಕಳ ಕೈ ಹಿಡಿದುಕೊಂಡು ಬರುತ್ತಾರೆ. ಹೆಚ್ಚಿನವರು ಮೊದಲು ಕೇಳುವುದು, "ಮೇಡಂ, ಯಾವ ಕೀಬೋರ್ಡ್ ತೆಗೆದುಕೊಳ್ಳಬೇಕು?" ಎಂದು. ಅದಕ್ಕೆ ಉತ್ತರ ಹೇಳುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ: "ನಿಮ್ಮ ಮನೆಯಲ್ಲಿ ಯಾರು ಹಾಡುತ್ತಾರೆ?"

"ಯಾರೂ ಇಲ್ಲ" ಎನ್ನುತ್ತಾರೆ. ಒಂದು ನಿಮಿಷ ಸುಮ್ಮನಿದ್ದರೆ, "ಇವಳ ಅಜ್ಜಿ ಶುಕ್ರವಾರ ಆರತಿ ಹಾಡು ಹೇಳುತ್ತಾರೆ", "ಇವರಪ್ಪ ಗಾಡಿ ಓಡಿಸುವಾಗ ಹಳೆಯ ಚಿತ್ರಗೀತೆ ಗುನುಗುತ್ತಾರೆ" ಎಂದು ಒಂದೊಂದೇ ಹೊರಬರುತ್ತದೆ. ನಾನು ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಆ ಮಗುವಿನ ಮೊದಲ ಪಾಠ ಅದೇ ಹಾಡು.

ಇದನ್ನು ನಾನು ಕಲಿತದ್ದು ಕೆಜಿಎಫ್‌ನಲ್ಲಿ, 1970ರಲ್ಲಿ, ನನ್ನ ಎಂಟನೆಯ ವಯಸ್ಸಿನಲ್ಲಿ. ಅಪ್ಪ ಗಣಿಯ ಕಚೇರಿಯಲ್ಲಿ ಗುಮಾಸ್ತರು. ಅಮ್ಮ ಮುಳಬಾಗಿಲಿನ ಕಡೆಯವರು. ಹರಿದಾಸರಾದ ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥಕ್ಕೆ ನಡೆದೇ ಹೋಗಿ ಬರುವಷ್ಟು ಹತ್ತಿರದ ಊರು. ನಸುಕಿನಲ್ಲಿ ಕೊಳಾಯಿಯ ಮುಂದೆ ಬಿಂದಿಗೆ ಇಟ್ಟುಕೊಂಡು ನೀರಿಗೆ ಕಾಯುವಾಗ ಅಮ್ಮ ಶ್ರೀಪಾದರಾಜರ ಪದಗಳನ್ನು ಹೇಳುತ್ತಿದ್ದರು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ವೃದ್ಧೆ ಇದ್ದರು. ಊರಿಗೆಲ್ಲ ಅವರು "ಮಿಸ್". ಅವರ ಮನೆಯಲ್ಲಿ ಗೋಡೆಗೆ ಒರಗಿದಂತೆ ಒಂದು ಪಿಯಾನೊ ಇತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದು ನೆಲ ಅದುರಿದಾಗ ನಮ್ಮ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಮಿಸ್ ಮನೆಯಲ್ಲಿ ಪಿಯಾನೊ ಸಣ್ಣಗೆ ಮಿಡಿಯುತ್ತಿತ್ತು. ಪಿಯಾನೊದ ಬಹುತೇಕ ತಂತಿಗಳ ಮೇಲೆ ನಾದವನ್ನು ಅಡಗಿಸುವ ಮೆತ್ತೆ ಕುಳಿತಿರುತ್ತದೆ, ತೀರ ಮೇಲಿನ ಸ್ಥಾಯಿಯ ತಂತಿಗಳಿಗೆ ಮಾತ್ರ ಇರುವುದಿಲ್ಲ, ಅದಕ್ಕೇ ಅವು ಯಾರೂ ಮುಟ್ಟದೆ ಮಿಡಿಯುತ್ತವೆ ಎಂದು ಅವರು ಮುಚ್ಚಳ ತೆರೆದು ತೋರಿಸಿದ್ದರು. ನನಗೆ ಪಿಯಾನೊದ ಮೇಲೆ ಪ್ರೀತಿ ಹುಟ್ಟಿದ್ದು ಆ ಮುಚ್ಚಳದೊಳಗೆ ಇಣುಕಿದ ದಿನ.

ಮೊದಲ ಪಾಠದಲ್ಲಿ ಮಿಸ್ ನನ್ನನ್ನು ಪಿಯಾನೊದ ಮುಂದೆ ಕೂರಿಸಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಮಿಳಿನಲ್ಲಿ, "ನಿಮ್ಮಮ್ಮ ಬೆಳಿಗ್ಗೆ ಹಾಡುತ್ತಾರಲ್ಲ, ಅದನ್ನು ಹಾಡು" ಎಂದರು. ಕೊಳಾಯಿಯ ಹಾಡು ಅವರ ಅಡುಗೆಮನೆಯ ಕಿಟಕಿಗೆ ಕೇಳಿಸುತ್ತಿತ್ತಂತೆ. ನಾನು ನಾಚುತ್ತಲೇ ಎರಡು ಸಾಲು ಹಾಡಿದೆ. ಅವರು ಒಂದೊಂದೇ ಕೀ ಒತ್ತುತ್ತ ನನ್ನ ಷಡ್ಜವನ್ನು, ಅಂದರೆ ಹಾಡಿಗೆ ಆಧಾರವಾದ ಸ ಸ್ವರವನ್ನು, ಹುಡುಕಿದರು. ಹಾರ್ಮೋನಿಯಂನವರ ಲೆಕ್ಕದಲ್ಲಿ ಹೇಳಿದರೆ ಅದು ಕಪ್ಪು ನಾಲ್ಕರಲ್ಲಿ, ಅಂದರೆ ನಾಲ್ಕನೆಯ ಕಪ್ಪು ಕೀಯಲ್ಲಿ, ಸಿಕ್ಕಿತು. ಷಡ್ಜ, ಪಂಚಮ ಎಂಬ ಸ, ಪ ಸ್ವರಗಳ ಹೆಸರುಗಳು ಅವರಿಗೆ ತಿಳಿದಿರಲಿಲ್ಲ. ಆದರೆ ಅವರ ಎಡಗೈ ಆ ಎರಡನ್ನೇ ತಂಬೂರಿಯಂತೆ ಹಿಡಿಯಿತು. ಬಲಗೈಯ ಒಂದೇ ಬೆರಳಿನಲ್ಲಿ ಅಮ್ಮನ ಸಾಲನ್ನು ನುಡಿಸಿ, "ಇದು ನಿನಗೆ ಬರುತ್ತದೆ. ಇನ್ನು ಬೆರಳಿಗೆ ಬರಬೇಕು, ಅಷ್ಟೇ" ಎಂದರು.

ನಮ್ಮ ಮನೆಯಲ್ಲಿ ಪಿಯಾನೊ ಇರಲಿಲ್ಲ, ಕೊಳ್ಳುವ ಮಾತೂ ಇರಲಿಲ್ಲ. ಅಪ್ಪ ಒಂದು ಭಾನುವಾರ ಅಳತೆಪಟ್ಟಿ ಹಿಡಿದು ಮಿಸ್ ಮನೆಗೆ ಹೋಗಿ ಕೀಗಳ ಅಗಲ ಅಳೆದುಕೊಂಡು ಬಂದರು. ಏಳು ಬಿಳಿ ಕೀಗಳ ಒಂದು ಸ್ಥಾಯಿಗೆ ಹದಿನಾರೂವರೆ ಸೆಂಟಿಮೀಟರ್. ಕಚೇರಿಯಲ್ಲಿ ಎಸೆಯಲು ಇಟ್ಟಿದ್ದ ದಪ್ಪ ನಕಾಶೆ ಕಾಗದದ ಹಿಂಬದಿಯಲ್ಲಿ ನಾಲ್ಕು ಸ್ಥಾಯಿಗಳನ್ನು ಮಸಿಯಿಂದ ಬರೆದುಕೊಟ್ಟರು. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಆ ಕಾಗದವನ್ನು ಊಟದ ಮಣೆಯ ಮೇಲೆ ಹಾಸಿಕೊಂಡು ನಾನು ಬೆರಳಾಡಿಸುತ್ತಿದ್ದೆ, ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಹಾಡುತ್ತಿದ್ದರು. ನನ್ನ ಬೆರಳು ತಡವಾದರೆ ಅಮ್ಮ ಹಾಡನ್ನು ನಿಧಾನ ಮಾಡುತ್ತಿದ್ದರು. ಸದ್ದೇ ಇಲ್ಲದ ಆ ಪಿಯಾನೊದಲ್ಲಿ ನಾನು ಒಂದೂವರೆ ವರ್ಷ ಅಭ್ಯಾಸ ಮಾಡಿದೆ.

ನಾನು ಇಲ್ಲಿ ಹೇಳುವುದೆಲ್ಲ ಆ ಕಾಗದದಿಂದ ಬಂದದ್ದು. ಪಾಠ ವಾರಕ್ಕೆ ಒಂದು ಗಂಟೆ. ಉಳಿದ ಆರು ದಿನ ಮಗುವಿನ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ಅದು ಕಲಿಯುತ್ತದೆಯೋ ಬಿಡುತ್ತದೆಯೋ ಎಂಬುದು ನಿಂತಿದೆ.

ಪಾಠಕ್ಕೆ ಸೇರಿಸುವ ಮೊದಲು

ಆರು ಏಳು ವರ್ಷ ಒಳ್ಳೆಯ ವಯಸ್ಸು. ನಾಲ್ಕು ವರ್ಷದ ಮಗುವನ್ನು ಕರೆತಂದರೆ ನಾನು ವಾಪಸ್ ಕಳುಹಿಸುತ್ತೇನೆ. ಅದು ಮನೆಯಲ್ಲಿ ತಟ್ಟೆ ಬಡಿಯಲಿ, ಕುಣಿಯಲಿ. ಹನ್ನೆರಡಾಗಿದ್ದರೆ ತಡವಾಯಿತೆಂದು ಹಿಂಜರಿಯಬೇಕಾಗಿಲ್ಲ. ಆ ವಯಸ್ಸಿನವರು ಮೊದಲ ವರ್ಷದ ಪಾಠವನ್ನು ನಾಲ್ಕೇ ತಿಂಗಳಲ್ಲಿ ಮುಗಿಸಿದ್ದನ್ನು ನೋಡಿದ್ದೇನೆ.

ಸೇರಿಸುವ ಎರಡು ತಿಂಗಳ ಮೊದಲಿನಿಂದ ಮನೆಯಲ್ಲಿ ಒಂದು ಪದ್ಧತಿ ಇಡಿ. ರಾತ್ರಿ ಊಟವಾದ ಮೇಲೆ ಐದು ನಿಮಿಷ ಪಿಯಾನೊ ಕೇಳಿಸಿ. ಮೊಬೈಲನ್ನು ಮಗುವಿನ ಕೈಗೆ ಕೊಡದೆ ಕಪಾಟಿನ ಮೇಲೆ ಮಗುಚಿಡಿ. ನೋಡಲು ಏನೂ ಇಲ್ಲದಿದ್ದಾಗ ಮಾತ್ರ ಕಿವಿ ಕೆಲಸ ಮಾಡುತ್ತದೆ. ಒಂದು ವಾರ ಪೂರ್ತಿ ಒಂದೇ ರಚನೆ. ಎಂಟನೆಯ ದಿನ ಅದನ್ನು ಹಾಕದೆ ಬಿಡಿ. ಮಗು ತಾನಾಗಿ ಗುನುಗಿದರೆ ಅಥವಾ "ಅದು ಎಲ್ಲಿ?" ಎಂದು ಕೇಳಿದರೆ, ಅದರ ಮನಸ್ಸು ಎಲ್ಲಿ ತಗುಲಿಕೊಂಡಿದೆ ಎಂಬುದು ನಿಮಗೆ ಗೊತ್ತಾಗುತ್ತದೆ.

ಯಾವುದನ್ನು ಕೊಳ್ಳುವುದು

ಮೊದಲ ಆರು ತಿಂಗಳು ಏನನ್ನೂ ಕೊಳ್ಳದಿದ್ದರೂ ನಡೆಯುತ್ತದೆ. ಪಾಠ ಹೇಳುವವರ ವಾದ್ಯದಲ್ಲಿ ವಾರಕ್ಕೆ ಎರಡು ದಿನ ಹೆಚ್ಚುವರಿಯಾಗಿ ಹತ್ತು ನಿಮಿಷ ಕೇಳಿ ಪಡೆಯಿರಿ, ಉಳಿದ ದಿನ ಕಾಗದ. ಕೊಳ್ಳುವ ಶಕ್ತಿ ಇದ್ದವರಿಗೆ ನನ್ನ ಸಲಹೆ ಹೀಗಿದೆ.

61 ಕೀಗಳ ಕೀಬೋರ್ಡ್ ಆರಂಭಕ್ಕೆ ಸಾಕು. ಆದರೆ ಎರಡು ವಿಷಯ ನೋಡಿ. ಕೀಗಳು ಪಿಯಾನೊದ ಕೀಗಳಷ್ಟೇ ಅಗಲ ಇರಬೇಕು. ಆಟಿಕೆಯಂತೆ ಕಿರಿದಾದವು ಬೇಡ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಬಲವಾಗಿ ಒತ್ತಿದರೆ ಬಲವಾಗಿ ನುಡಿಯಬೇಕು. ಅಂಗಡಿಯಲ್ಲಿ ನೀವೇ ಒಂದು ಕೀಯನ್ನು ಎರಡೂ ಬಗೆಯಲ್ಲಿ ಒತ್ತಿ ನೋಡಿ. ಎರಡಕ್ಕೂ ಒಂದೇ ಸದ್ದು ಬಂದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ, ಏಕೆಂದರೆ ಮಗುವಿನ ಬೆರಳಿಗೆ ಅದು ತಪ್ಪು ಪಾಠ ಕಲಿಸುತ್ತದೆ. ಪಿಯಾನೊ ಎಂಬ ಹೆಸರು ಬಂದದ್ದೇ ಈ ಗುಣದಿಂದ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ತಂತಿಗೆ ಸುತ್ತಿಗೆ ಬಡಿಯುವ ವಾದ್ಯವನ್ನು ಮಾಡಿದಾಗ ಅದರ ಹೊಸತನ ಇದ್ದದ್ದು ಮೆಲುದನಿ ಮತ್ತು ಜೋರುದನಿ ಎರಡನ್ನೂ ಬೆರಳಿನಿಂದಲೇ ಹೊರಡಿಸಬಹುದು ಎಂಬುದರಲ್ಲಿ. ಇಟಲಿಯ ಭಾಷೆಯಲ್ಲಿ ಪಿಯಾನೊ ಎಂದರೆ ಮೆಲ್ಲಗೆ ಎಂದೇ ಅರ್ಥ.

ಸೆಲ್ ಹಾಕಿಯೂ ನಡೆಯುವ ಕೀಬೋರ್ಡ್ ನಮ್ಮ ಕಡೆಗೆ ಅನುಕೂಲ. ಗೋಡೆ ಗಡಿಯಾರಕ್ಕೆ ಹಾಕುವಂಥ ಆರು ಸೆಲ್‌ಗಳಲ್ಲಿ ಕೆಲಸ ಮಾಡುವ ಮಾದರಿಗಳಿವೆ. ಅಭ್ಯಾಸದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೆ ಆ ದಿನದ ಅಭ್ಯಾಸ ತಪ್ಪುತ್ತದೆ, ಮರುದಿನದ್ದೂ ತಪ್ಪುತ್ತದೆ.

ಎರಡು ವರ್ಷವಾದ ಮೇಲೆ, ಮಗು ಕಲಿಕೆಯಲ್ಲಿ ನಿಂತಿದೆ ಎಂದು ಖಚಿತವಾದರೆ, 88 ಕೀಗಳ ತೂಕದ ಡಿಜಿಟಲ್ ಪಿಯಾನೊ ಕೊಳ್ಳಿ. 52 ಬಿಳಿ, 36 ಕಪ್ಪು. ಅದರ ಕೀಗಳಲ್ಲಿ ನಿಜವಾದ ಪಿಯಾನೊದ ಭಾರ ಇರುತ್ತದೆ. ಹಗುರ ಕೀಗಳಲ್ಲೇ ಬೆಳೆದ ಬೆರಳು ಅಲ್ಲಿಗೆ ಹೋದಾಗ ಒಂದೆರಡು ತಿಂಗಳು ತಡವರಿಸುತ್ತದೆ, ಅದಕ್ಕೆ ಬೈಯಬೇಡಿ.

ಬೆಂಗಳೂರಿನಲ್ಲಿ ಯಾರೋ ಹಳೆಯ ಮರದ ಪಿಯಾನೊವನ್ನು ಅಗ್ಗಕ್ಕೆ ಕೊಡುತ್ತಾರೆ ಎಂದು ಆಸೆಪಟ್ಟು ಹೋಗುವವರಿಗೆ ಒಂದು ಮಾತು. ಅದರೊಳಗೆ ಸುಮಾರು 230 ತಂತಿಗಳಿರುತ್ತವೆ, ಎಲ್ಲದರ ಎಳೆತ ಸೇರಿದರೆ ಹದಿನೈದು ಇಪ್ಪತ್ತು ಟನ್. ಆ ಎಳೆತಕ್ಕೆ ತಂತಿ ಸಡಿಲವಾಗದಂತೆ, ಅದನ್ನು ಸುತ್ತಿದ ಉಕ್ಕಿನ ಗೂಟಗಳು ಮರದ ಹಲಗೆಯಲ್ಲಿ ಕಚ್ಚಿಕೊಂಡು ತಡೆದಿರುತ್ತವೆ. ಹಲಗೆ ಬಿರುಕು ಬಿಟ್ಟಿದ್ದರೆ ಅಥವಾ ಗೆದ್ದಲು ಹಿಡಿದಿದ್ದರೆ ಎಷ್ಟು ಸಲ ಶ್ರುತಿ ಮಾಡಿಸಿದರೂ ನಿಲ್ಲುವುದಿಲ್ಲ. ಕೊಳ್ಳುವ ಮೊದಲೇ ಶ್ರುತಿ ಮಾಡುವವರೊಬ್ಬರನ್ನು ಕರೆದೊಯ್ದು ತೋರಿಸಿ. ತಂದ ಮೇಲೆ ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ, ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸಿ. ನಮ್ಮ ಕೋಲಾರದ ಒಣ ಬೇಸಿಗೆಗೆ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ; ಶ್ರುತಿ ಅದರ ಹಿಂದೆಯೇ ಓಡುತ್ತದೆ.

ಕೂರುವ ಎತ್ತರವನ್ನು ಯಾರೂ ಗಮನಿಸುವುದಿಲ್ಲ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಪಾದ ಊರಬೇಕು. ಕುರ್ಚಿಯ ಮೇಲೆ ಹಳೆಯ ಪತ್ರಿಕೆಗಳ ಕಟ್ಟು, ಕಾಲ ಕೆಳಗೆ ಮಣೆ. ಕಾಲು ತೂಗಾಡುವ ಮಗುವಿನ ಬೆನ್ನು ಹತ್ತೇ ನಿಮಿಷದಲ್ಲಿ ಬಾಗುತ್ತದೆ.

ಪಾಠ ಹೇಳುವವರನ್ನು ಆರಿಸುವಾಗ

ಪ್ರಮಾಣಪತ್ರಗಳನ್ನು ಕೇಳುವ ಬದಲು ಬೇರೆ ಮಗುವಿಗೆ ಅವರು ಹೇಳಿಕೊಡುವಾಗ ಒಂದು ತರಗತಿ ಕುಳಿತು ನೋಡಲು ಅನುಮತಿ ಕೇಳಿ. ಮಗು ತಪ್ಪಿದಾಗ ಅವರ ಮುಖ ಹೇಗಾಗುತ್ತದೆ ಎಂದು ನೋಡಿ. ಗಂಟೆಯಲ್ಲಿ ಒಮ್ಮೆಯಾದರೂ ತಾವೇ ಕುಳಿತು ನುಡಿಸಿ ತೋರಿಸುತ್ತಾರೆಯೇ ಎಂದು ನೋಡಿ. ಪಾಠ ಮುಗಿದು ಹೊರಬಂದ ಮಗುವನ್ನು, "ನಿನಗೆ ಇಷ್ಟವಾದದ್ದು ನುಡಿಸು" ಎಂದು ಕೇಳಿ. ಅದಕ್ಕೆ ಇಷ್ಟವಾದದ್ದು ಒಂದೂ ಇಲ್ಲದಿದ್ದರೆ ನೀವು ಬೇರೆ ಕಡೆ ಹೋಗುವುದು ಒಳ್ಳೆಯದು.

ನನ್ನ ತಮ್ಮನನ್ನು ಮಿಸ್ ಬಳಿ ಜಾಗವಿಲ್ಲವೆಂದು ಬೇರೊಬ್ಬರ ಬಳಿ ಕಳುಹಿಸಿದ್ದರು. ಅವರು ಬೆರಳು ತಪ್ಪಿದಾಗಲೆಲ್ಲ ಮರದ ಅಳತೆಪಟ್ಟಿಯಿಂದ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ತಮ್ಮ ನನಗಿಂತ ಒಳ್ಳೆಯ ಕಿವಿಯುಳ್ಳವನು. ರೈಲಿನ ಸಿಳ್ಳೆಯನ್ನು ಕೇಳಿ ಅದು ಯಾವ ಸ್ವರವೆಂದು ಹೇಳುತ್ತಿದ್ದ. ಮೂರು ತಿಂಗಳಲ್ಲಿ ಪಿಯಾನೊ ಬಿಟ್ಟ, ಮತ್ತೆ ಯಾವ ವಾದ್ಯವನ್ನೂ ಮುಟ್ಟಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಗಂಟಲು ಕಟ್ಟುತ್ತದೆ. ಹೊಡೆಯುವವರ ಬಳಿ, ಅವರು ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ಮಗುವನ್ನು ಬಿಡಬೇಡಿ.

ಮೊದಲ ವಾರ: ಕಪ್ಪು ಕೀಗಳು

ಪುಸ್ತಕಗಳು ಬಿಳಿ ಕೀಗಳಿಂದ ಆರಂಭಿಸುತ್ತವೆ. ನಾನು ಕಪ್ಪಿನಿಂದ ಆರಂಭಿಸುತ್ತೇನೆ, ಏಕೆಂದರೆ ಕಪ್ಪು ಕೀಗಳಲ್ಲಿ ಮೋಹನ ರಾಗ ಅಡಗಿದೆ. ಕಪ್ಪು ಕೀಗಳು ಎರಡರ ಗುಂಪು, ಮೂರರ ಗುಂಪು ಎಂದು ಸಾಲಾಗಿ ಬರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ಷಡ್ಜ ಎಂದುಕೊಳ್ಳಿ. ಅದೇ ಗುಂಪಿನ ಉಳಿದೆರಡು ರಿಷಭ, ಗಾಂಧಾರ. ಬಲಕ್ಕೆ ಮುಂದೆ ಬರುವ ಎರಡರ ಗುಂಪು ಪಂಚಮ, ಧೈವತ. ಅದರ ಮುಂದಿನ ಮೂರರ ಗುಂಪಿನ ಮೊದಲನೆಯದು ಮೇಲಿನ ಷಡ್ಜ. ಮಗು ಕಪ್ಪು ಕೀಗಳ ಮೇಲೆ ಹೇಗೆ ಬೆರಳಾಡಿಸಿದರೂ ಅಪಸ್ವರ ಬರುವುದಿಲ್ಲ. ಮೊದಲ ದಿನವೇ ತನ್ನ ಕೈಯಿಂದ ಹಿತವಾದ ನಾದ ಹೊರಟಿತು ಎಂಬುದನ್ನು ಮಗು ಮನೆಗೆ ಹೊತ್ತೊಯ್ಯುತ್ತದೆ.

ಈಗ ಹಿರಿಯರು ಪಕ್ಕದಲ್ಲಿ ಕುಳಿತು ಎಡಭಾಗದಲ್ಲಿ ಷಡ್ಜವನ್ನೂ ಪಂಚಮವನ್ನೂ ಒಟ್ಟಿಗೆ ಒತ್ತಿ ಹಿಡಿಯಲಿ. ಕಿರುಬೆರಳು ಷಡ್ಜದ ಮೇಲೆ, ಹೆಬ್ಬೆರಳು ಪಂಚಮದ ಮೇಲೆ. ಸಂಗೀತ ಬಾರದ ಅಪ್ಪನಿಗೂ ಇದು ಬರುತ್ತದೆ. ಮಗು ಬಲಭಾಗದಲ್ಲಿ ತನಗೆ ತೋಚಿದ್ದನ್ನು ನುಡಿಸಲಿ. ನಾಲ್ಕೈದು ದಿನವಾದ ಮೇಲೆ ಮೋಹನದ ಗೀತೆ "ವರವೀಣಾ"ದ ಮೊದಲ ಸಾಲನ್ನು ಹುಡುಕಲು ಹೇಳಿ: ಗ ಗ ಪಾ ಪಾ, ದ ಪ ಸಾ ಸಾ. ಸಂಗೀತ ಪಾಠಕ್ಕೆ ಹೋದ ಅಕ್ಕನೋ ಅತ್ತೆಯೋ ಮನೆಯಲ್ಲಿದ್ದರೆ ಅವರು ಹಾಡಲಿ. ಸ್ವರವನ್ನು ಹೇಳಿಕೊಡಬೇಡಿ, ಮಗು ತಡಕಾಡಿ ಸಿಕ್ಕಿಸಿಕೊಳ್ಳಲಿ. ಆ ತಡಕಾಟದಲ್ಲಿ ಕಲಿಯುವಷ್ಟು ಅದು ಬೇರೆ ಯಾವುದರಲ್ಲೂ ಕಲಿಯುವುದಿಲ್ಲ.

ಪಿಯಾನೊದಲ್ಲಿ ಗಮಕ ಬರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯೇ ಅದರಲ್ಲಿಲ್ಲ. ಇದೇ ಕೊರತೆಯನ್ನು ಹೇಳಿ 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಹಾಗಾಗಿ ನಿಮ್ಮ ಮಗು ಕರ್ನಾಟಕ ಸಂಗೀತವನ್ನು ಆಳವಾಗಿ ಕಲಿಯಬೇಕೆಂದಿದ್ದರೆ ಜೊತೆಗೆ ಹಾಡಲು ಕಲಿಸಿ. ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ, ನನ್ನ ಅನುಭವದಲ್ಲಿ ಒಂದು ಇನ್ನೊಂದನ್ನು ಬೆಳೆಸುತ್ತದೆ.

ಎರಡನೆಯ ವಾರ ಬಿಳಿ ಕೀಗಳಿಗೆ ಬನ್ನಿ. ಎರಡು ಕಪ್ಪು ಕೀಗಳ ಗುಂಪಿಗೆ ಎಡಕ್ಕೆ ಅಂಟಿಕೊಂಡ ಬಿಳಿಯಿಂದ ಹೊರಟು ಎಂಟು ಬಿಳಿ ಕೀಗಳನ್ನು ಸಾಲಾಗಿ ಒತ್ತಿದರೆ ಶಂಕರಾಭರಣ ರಾಗ. ಬೆರಳುಗಳಿಗೆ ಸಂಖ್ಯೆ ಇದೆ: ಎರಡೂ ಕೈಯಲ್ಲಿ ಹೆಬ್ಬೆರಳು 1, ಕಿರುಬೆರಳು 5. ಬಲಗೈ 1-2-3 ಒತ್ತಿ, ಹೆಬ್ಬೆರಳನ್ನು ಅಂಗೈ ಕೆಳಗೆ ನುಸುಳಿಸಿ ಮತ್ತೆ 1-2-3-4-5. ಎಡಗೈ ಏರುವಾಗ 5-4-3-2-1, ಆಮೇಲೆ ನಡುಬೆರಳು ಹೆಬ್ಬೆರಳನ್ನು ದಾಟಿ 3-2-1. ಈ ನುಸುಳುವಿಕೆಗೆ ಮಕ್ಕಳಿಗೆ ಎರಡು ಮೂರು ವಾರ ಬೇಕು. ಬೆರಳು ಬಾಗಿರಬೇಕು ಎಂದು ಬಾಯಲ್ಲಿ ಹೇಳಿದರೆ ಯಾವ ಮಗುವಿಗೂ ಅರ್ಥವಾಗುವುದಿಲ್ಲ. ನಾನು ಒಂದು ಟೊಮೆಟೊ ಕೈಗಿಡುತ್ತೇನೆ. ನಮ್ಮ ಊರಿನಲ್ಲಿ ಅದಕ್ಕೇನು ಬರ? ಟೊಮೆಟೊ ಬೀಳಬಾರದು, ಹಿಸುಕಲೂಬಾರದು. ಆ ಕೈಯನ್ನು ಹಾಗೆಯೇ ಮಗುಚಿ ಟೊಮೆಟೊ ತೆಗೆದರೆ ಅದೇ ಪಿಯಾನೊದ ಕೈ.

ದಿನದ ಅಭ್ಯಾಸ

ಆರು ವರ್ಷಕ್ಕೆ ಹತ್ತು ನಿಮಿಷ. ಎಂಟು ಒಂಬತ್ತಕ್ಕೆ ಇಪ್ಪತ್ತು. ಹನ್ನೊಂದಕ್ಕೆ ಅರ್ಧ ಗಂಟೆ. ದಿನವೂ ಒಂದೇ ಹೊತ್ತು, ಮನೆಯ ಇನ್ನೊಂದು ಕೆಲಸಕ್ಕೆ ಅಂಟಿಸಿಕೊಂಡಂತೆ: ದೀಪ ಹಚ್ಚಿದ ಮೇಲೆ, ಅಥವಾ ಹಾಲು ಕುಡಿದ ಮೇಲೆ. ಭಾನುವಾರ ಎರಡು ಗಂಟೆ ಕೂರಿಸಿ ವಾರದ ಬಾಕಿ ತೀರಿಸುವುದು ಉಪಯೋಗವಿಲ್ಲ. ಬೆರಳಿನ ನೆನಪು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ. ಏಳು ರಾತ್ರಿಗಳು ಅದಕ್ಕೆ ಬೇಕು.

ಆ ಹತ್ತು ನಿಮಿಷ ಹೇಗಿರಬೇಕು? ಬರುವ ಒಂದು ಹಾಡಿನಿಂದ ಆರಂಭ. ಆಮೇಲೆ ಬಾರದ ಜಾಗ, ಆ ಜಾಗ ಮಾತ್ರ. ಮಕ್ಕಳು ಮೊದಲಿನಿಂದ ಓಡಿಬಂದು ಅದೇ ಕಲ್ಲಿಗೆ ಎಡವಿ, ಮತ್ತೆ ಮೊದಲಿನಿಂದ ಓಡುತ್ತಾರೆ. ಹಾಗೆ ಮಾಡಿದರೆ ಎಡವುವುದನ್ನೇ ಅಭ್ಯಾಸ ಮಾಡಿದಂತೆ. ಎಡವಿದ ನಾಲ್ಕು ಸ್ವರಗಳನ್ನು ಕತ್ತರಿಸಿ ತೆಗೆದು, ಬಲಗೈ ಬೇರೆ, ಎಡಗೈ ಬೇರೆ, ನಂತರ ಎರಡೂ ಸೇರಿ, ತಪ್ಪಲು ಸಾಧ್ಯವೇ ಇಲ್ಲದಷ್ಟು ನಿಧಾನವಾಗಿ ನುಡಿಸಲಿ. ಮೂರು ಹುಣಸೆ ಬೀಜಗಳನ್ನು ಕೀಬೋರ್ಡಿನ ಎಡಕ್ಕೆ ಇಡಿ. ಒಮ್ಮೆ ಸರಿಯಾದರೆ ಒಂದು ಬೀಜ ಬಲಕ್ಕೆ. ತಪ್ಪಿದರೆ ಮೂರೂ ಎಡಕ್ಕೆ. ಮೂರು ಬೀಜಗಳೂ ಬಲಕ್ಕೆ ಹೋದರೆ ಆ ದಿನದ ಕೆಲಸ ಮುಗಿಯಿತು, ಮತ್ತೊಮ್ಮೆ ಎಂದು ಒತ್ತಾಯಿಸಬೇಡಿ.

ಪಕ್ಕದಲ್ಲಿ ಕೂರುವವರು ಮೊಬೈಲ್ ನೋಡಬಾರದು. ತಪ್ಪನ್ನು ಎತ್ತಿ ತೋರಿಸುವುದೂ ಬೇಡ; ಮಗುವಿಗೆ ಅದು ಕೇಳಿಸಿರುತ್ತದೆ. ನನ್ನ ಅಮ್ಮನಿಗೆ ಪಿಯಾನೊದ ಒಂದು ಸ್ವರದ ಹೆಸರೂ ಗೊತ್ತಿರಲಿಲ್ಲ. ಅವರು ಮಾಡಿದ್ದು ಹಾಡನ್ನು ನಿಧಾನ ಮಾಡಿದ್ದು ಅಷ್ಟೇ.

ಇಲ್ಲಿ ಒಂದು ಸಂಗತಿ ಹೇಳಬೇಕು. ಪಿಯಾನೊ ಕಲಿಯುವ ಮಕ್ಕಳು ಲೋಕದೆಲ್ಲೆಡೆ ಇಂದಿಗೂ ನುಡಿಸುವ ಕೆಲವು ಸಣ್ಣ ರಚನೆಗಳು ಹುಟ್ಟಿದ್ದು ಶಾಲೆಗಾಗಿ ಅಲ್ಲ. ಜರ್ಮನಿಯ ವಾಗ್ಗೇಯಕಾರ ಬಾಖ್ 1720ರಲ್ಲಿ ತನ್ನ ಹಿರಿಯ ಮಗನಿಗಾಗಿ ಪಾಠದ ಪುಸ್ತಕವೊಂದನ್ನು ಬರೆಯಲು ತೊಡಗಿದ. 1725ರಲ್ಲಿ ತನ್ನ ಹೆಂಡತಿ ಆನಾ ಮಗ್ದಲೇನಾಳಿಗೆ ಕೊಟ್ಟ ಪುಸ್ತಕದಲ್ಲಿ ಮನೆಮಂದಿಯೆಲ್ಲ ನುಡಿಸುವ ಸಣ್ಣ ರಚನೆಗಳನ್ನು ತುಂಬಿಸಿದರು. ಅದರಲ್ಲಿನ ಮಕ್ಕಳ ಅಚ್ಚುಮೆಚ್ಚಿನ ಒಂದು ಮಿನುಯೆಟ್ ಎಂಬ ಕುಣಿತದ ರಚನೆ ಬಾಖ್‌ನದಲ್ಲ, ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂಬವನದು ಎಂದು ಬಹಳ ಕಾಲದ ಮೇಲೆ ತಿಳಿಯಿತು. ರಾಬರ್ಟ್ ಶೂಮನ್ 1848ರಲ್ಲಿ ಹಿರಿಯ ಮಗಳು ಮರೀಯ ಏಳನೆಯ ಹುಟ್ಟುಹಬ್ಬಕ್ಕೆ ಕೆಲವು ಪುಟ್ಟ ರಚನೆಗಳನ್ನು ಉಡುಗೊರೆಯಾಗಿ ಬರೆದ. ಅವು ಬೆಳೆದು 43 ಆದವು. ಹಂಗೇರಿಯ ಬೇಲಾ ಬಾರ್ಟೋಕ್ ಹಂತ ಹಂತವಾಗಿ ಕಷ್ಟವಾಗುತ್ತ ಹೋಗುವ 153 ರಚನೆಗಳನ್ನು ಆರು ಸಂಪುಟಗಳಲ್ಲಿ ಕೊಟ್ಟ. ಮೊದಲೆರಡು ಸಂಪುಟಗಳು ಮಗ ಪೀಟರ್‌ಗೆ ಅರ್ಪಿತ. ಮನೆಯ ಮಗು ಎದುರಿಗೆ ಕುಳಿತಿದ್ದರಿಂದ ಬರೆದವು ಇವೆಲ್ಲ. ಬಾರ್ಟೋಕ್‌ನ ಮೊದಲ ಸಂಪುಟವನ್ನು ನಾನು ಎಲ್ಲ ಮಕ್ಕಳಿಗೂ ಮಾಡಿಸುತ್ತೇನೆ. ಕೈಯನ್ನು ಐದು ಕೀಗಳ ಮೇಲೆ ಇಟ್ಟಲ್ಲೇ ಇಟ್ಟು ನುಡಿಸಬಹುದಾದ ಸಣ್ಣ ಸಾಲುಗಳು, ಹಳ್ಳಿಯ ಹಾಡಿನ ವಾಸನೆ ಇರುವಂಥವು.

ಮಗುವಿಗೆ ತನ್ನ ಸಂಗೀತಗಾರ ಸಿಗುವಂತೆ ಮಾಡುವುದು

ಎಂಟು ಒಂಬತ್ತು ತಿಂಗಳಾದಾಗ ಹೊಸತನ ಹೋಗಿ ಬೇಸರ ಬರುತ್ತದೆ. ಆಗ ಮಗುವಿಗೆ ಬೇಕಾಗುವುದು ಒಬ್ಬ ಮನುಷ್ಯ: "ನಾನು ಇವರ ಹಾಗೆ ನುಡಿಸಬೇಕು" ಎನ್ನಿಸುವಂಥವರು. ಅದನ್ನು ನೀವು ಆರಿಸಿಕೊಡಲಾಗುವುದಿಲ್ಲ. ಹತ್ತು ಜನರ ಕಥೆ ಹೇಳಿ, ಅವರ ಕೈಗಳನ್ನು ತೋರಿಸಿ, ಮಗು ಯಾರ ಬಳಿ ನಿಲ್ಲುತ್ತದೆ ಎಂದು ಕಾಯಿರಿ.

ನಾನು ಮೊದಲು ಹೇಳುವುದು ನಮ್ಮ ಜಯಚಾಮರಾಜ ಒಡೆಯರ ಕಥೆ. ಪಿಯಾನೊ ವಾದಕರಾಗಬೇಕೆಂಬ ಹಂಬಲ ಅವರಿಗಿತ್ತು. 1940ರಲ್ಲಿ ಇಪ್ಪತ್ತೊಂದನೆಯ ವಯಸ್ಸಿಗೆ ಮೈಸೂರಿನ ಸಿಂಹಾಸನ ಏರಬೇಕಾಯಿತು. ಆದರೂ ಪಿಯಾನೊ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಎಂಬ ಪದವಿ ಪಡೆದರು. ಲಂಡನ್ನಿನಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದ ರಷ್ಯದ ವಾಗ್ಗೇಯಕಾರ ಮೆಟ್ನರ್ ಅವರ ರಚನೆಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ತಮ್ಮ ಮೂರನೆಯ ಕನ್ಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಅದೇ ಮಹಾರಾಜರು ಆಮೇಲೆ ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಪಿಯಾನೊ ನಮ್ಮದಲ್ಲ ಎಂದು ಯಾರಾದರೂ ಅಂದಾಗ ನನ್ನ ಮಕ್ಕಳು ಈ ಕಥೆಯನ್ನು ಅವರಿಗೆ ಹೇಳುತ್ತಾರೆ.

ಮನೆಯಲ್ಲಿ ಕಷ್ಟವಿರುವ ಮಕ್ಕಳಿಗೆ ಎ.ಆರ್. ರೆಹಮಾನ್ ಅವರ ಕಥೆ ತಾಗುತ್ತದೆ. ರೆಹಮಾನ್ ಒಂಬತ್ತು ವರ್ಷದವರಿದ್ದಾಗ, ಸಂಗೀತ ನಿರ್ದೇಶಕರಾಗಿದ್ದ ತಂದೆ ತೀರಿಕೊಂಡರು. ಅವರ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ತಾಯಿ ಮನೆ ನಡೆಸಿದರು. ಹುಡುಗ ಬೆಳೆದದ್ದು ಆ ವಾದ್ಯಗಳ ನಡುವೆ. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೌಲ್ಡ್ ಹತ್ತು ವರ್ಷದವರೆಗೆ ಕಲಿತದ್ದು ತನ್ನ ತಾಯಿಯ ಬಳಿ. ತಂದೆ ಕಾಲು ಕತ್ತರಿಸಿ ತಗ್ಗಿಸಿಕೊಟ್ಟ ಮಡಚುವ ಕುರ್ಚಿಯ ಮೇಲೆಯೇ ಜೀವನಪರ್ಯಂತ ಕುಳಿತು ನುಡಿಸಿದ, ನುಡಿಸುವಾಗ ಗುನುಗುತ್ತಿದ್ದ. 1955ರಲ್ಲಿ ಬಾಖ್‌ನ ಒಂದು ದೊಡ್ಡ ರಚನೆಯನ್ನು ಧ್ವನಿಮುದ್ರಿಸಿದವನು 1981ರಲ್ಲಿ ಅದನ್ನೇ ಮತ್ತೆ, ತೀರ ನಿಧಾನದ ಆರಂಭದೊಂದಿಗೆ ನುಡಿಸಿದ. ಎರಡನ್ನೂ ಮಗುವಿಗೆ ಒಂದರ ಮೇಲೊಂದು ಕೇಳಿಸಿ, ಏನು ಬದಲಾಯಿತು ಎಂದು ಕೇಳಿ. ಮಕ್ಕಳು ಹೇಳುವ ಉತ್ತರಗಳಿಂದ ನಾನು ಕಲಿತಿದ್ದೇನೆ.

ಎಡಗೈ ಅಂದರೆ ಮುಖ ಸಿಂಡರಿಸುವ ಮಕ್ಕಳಿಗೆ ಪಾಲ್ ವಿಟ್‌ಗೆನ್‌ಸ್ಟೈನ್. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ. ಎಡಗೈಯೊಂದರಿಂದಲೇ ನುಡಿಸುವುದನ್ನು ರೂಢಿಸಿಕೊಂಡು, ವಾಗ್ಗೇಯಕಾರರಿಂದ ಅದಕ್ಕಾಗಿಯೇ ರಚನೆಗಳನ್ನು ಬರೆಸಿದ. ಫ್ರಾನ್ಸಿನ ರವೇಲ್ ಅವನಿಗಾಗಿ ಎಡಗೈಯ ಕನ್ಚರ್ಟೊ ಬರೆದ, 1932ರಲ್ಲಿ ಅವನು ಅದನ್ನು ವಿಯೆನ್ನಾದಲ್ಲಿ ನುಡಿಸಿದ. ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬ ಸೈಕಲ್‌ನಿಂದ ಬಿದ್ದು ಬಲಗೈಗೆ ಆರು ವಾರ ಪಟ್ಟಿ ಹಾಕಿಸಿಕೊಂಡಿದ್ದ. ಈ ಕಥೆ ಕೇಳಿದ್ದವನು ಪಾಠ ತಪ್ಪಿಸಲಿಲ್ಲ. ಆರು ವಾರದ ಕೊನೆಗೆ ಅವನ ಎಡಗೈ ಬಲಗೈಯನ್ನು ಮೀರಿಸಿತ್ತು.

ದೂರದವರನ್ನಷ್ಟೇ ತೋರಿಸಬೇಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ತಾಳ ಓಡುವ ಮಕ್ಕಳನ್ನು ನಾನು ಜಾತ್ರೆಗೆ ಕರೆದೊಯ್ದು ತಮಟೆಯವರ ಪಕ್ಕದಲ್ಲಿ ನಿಲ್ಲಿಸುತ್ತೇನೆ, ಎಣಿಸು ಎನ್ನುತ್ತೇನೆ. ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದಲ್ಲಿ ಹಗಲು ರಾತ್ರಿ ಸಂಗೀತ ನಡೆಯುತ್ತದೆ; ಒಂದು ಸಂಜೆಯಾದರೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿ. ಪಿಟೀಲಿನವರ ಕೈ, ಮೃದಂಗದವರ ಬೆವರು ಮಗುವಿಗೆ ಕಾಣಬೇಕು.

ಪರೀಕ್ಷೆ, ಮತ್ತು ಬಿಡುವ ದಿನ

ಲಂಡನ್ನಿನ ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ ಎಂಬ ಸಂಸ್ಥೆಗಳ ಸಂಗೀತ ಪರೀಕ್ಷೆಗಳು ಭಾರತದಲ್ಲಿ ನಡೆಯುತ್ತವೆ. ಇನಿಷಿಯಲ್ ಎಂಬ ಆರಂಭದ ಹಂತ, ಆಮೇಲೆ ಎಂಟು ಗ್ರೇಡುಗಳು. ಮೊದಲ ಎರಡು ವರ್ಷ ಇವುಗಳ ಹೆಸರೆತ್ತಬೇಡಿ. ವರ್ಷವಿಡೀ ಮೂರೇ ರಚನೆಗಳನ್ನು ಉಜ್ಜಿ ಪ್ರಮಾಣಪತ್ರ ತಂದ ಮಕ್ಕಳು ನಾಲ್ಕನೆಯದನ್ನು ಕೇಳಿದರೆ ತಲೆ ತಗ್ಗಿಸುತ್ತಾರೆ. ವರ್ಷಕ್ಕೆ ಇಪ್ಪತ್ತು ಸಣ್ಣ ರಚನೆಗಳಾದ ಮೇಲೆ ಪರೀಕ್ಷೆಗೆ ಕೂರಲಿ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಮನೆಯಲ್ಲೇ ಕಛೇರಿ ಮಾಡಿ: ಅಜ್ಜಿ, ಪಕ್ಕದ ಮನೆಯವರು, ಎರಡು ರಚನೆ, ಕೊನೆಗೆ ಎಲ್ಲರಿಗೂ ಕೋಸಂಬರಿ. ಅದನ್ನು ಮೊಬೈಲಿನಲ್ಲಿ ಮುದ್ರಿಸಿಟ್ಟು ಆರು ತಿಂಗಳ ನಂತರ ಮಗುವಿಗೇ ಕೇಳಿಸಿ.

ಹತ್ತನೆಯ ತರಗತಿಗೆ ಬಂದಾಗ ಹೆಚ್ಚಿನವರು ಬಿಡುತ್ತಾರೆ. ತಡೆಯಲು ಹೋಗಬೇಡಿ. ಕೀಬೋರ್ಡನ್ನು ಮಾತ್ರ ಮಂಚದ ಕೆಳಗೆ ತಳ್ಳಬೇಡಿ, ಮಾರಬೇಡಿ. ಪಡಸಾಲೆಯಲ್ಲಿ ಎಲ್ಲರೂ ಓಡಾಡುವ ಜಾಗದಲ್ಲಿ, ತಂತಿ ಜೋಡಿಸಿದಂತೆಯೇ ಇರಲಿ. ಧೂಳಿಗೆ ಹೊದಿಸಿದ ಬಟ್ಟೆಯನ್ನು ಸಂಜೆ ಆರಕ್ಕೆ ತೆಗೆದು ಮಡಚಿಡಿ, ರಾತ್ರಿ ಮಲಗುವಾಗ ಹೊದಿಸಿ. ನನ್ನ ಒಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ಎರಡು ವರ್ಷ ಹೀಗೆಯೇ ಮಾಡಿದರು. ಪಿಯುಸಿ ಪರೀಕ್ಷೆ ಮುಗಿದ ದಿನ ಸಂಜೆ ಆ ಹುಡುಗಿ ಚೀಲ ಕೆಳಗಿಟ್ಟು, ನಿಂತಲ್ಲೇ, ಕಪ್ಪು ಕೀಗಳ ಮೇಲೆ ಗ ಗ ಪಾ ಪಾ ನುಡಿಸಿದಳು. ಅಡುಗೆಮನೆಯಿಂದ ಅವಳ ಅಜ್ಜಿ ಮುಂದಿನ ಸಾಲು ಹಾಡಿದರಂತೆ.